ಅಧ್ಯಕ್ಷೆಯ ಅಣ್ಣ

ತೊರೆಕೊಪ್ಪಲು, ಹುಲ್ಲಹಳ್ಳಿ ಅಂಚೆ
14-5-2000

ಪ್ರಿಯ ಸೋಮ,

ನಿನ್ನೆ ನೀನು ಫೋನ್ ಮಾಡಿದಾಗ "ಆಯ್ತು ಸಾರ್, ಪರಿಶೀಲಿಸ್ತೀನಿ" ಎಂದು ಇಟ್ಟುಬಿಟ್ಟದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ನಮ್ಮ ಮನೆಯ ಫೋನು ನಡುಮನೆಯ ಗೂಡಿನಲ್ಲಿದೆ. ಗೂಡಿನ ಪಕ್ಕ ಅಪ್ಪನ ಕುರ್ಚಿ, ಕುರ್ಚಿಯಲ್ಲಿ ಅಪ್ಪ, ಅಪ್ಪನ ಸುತ್ತ ಹಾರ ಹಾಕಲು ಬಂದ ಹತ್ತು ಜನ. ಅಲ್ಲಿ ನಿಂತುಕೊಂಡು "ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಈಗಲೇ ಹೇಳು" ಎಂಬ ಪ್ರಶ್ನೆಗೆ ಬೇರೆ ಯಾವ ಉತ್ತರ ಕೊಡಲಿ? ಈಗ ಬರೆಯುತ್ತಿದ್ದೇನೆ: ಇದೆ. ಪರಿಶೀಲಿಸುವ ಅಗತ್ಯವೂ ಇಲ್ಲ.

ಆದರೆ ಬರುವ ಶ್ರಾವಣಕ್ಕೆ ಮದುವೆ ಎಂದು ಮಾತಾಡಿಕೊಂಡಿದ್ದೆವಲ್ಲ, ಅದನ್ನು ಮುಂದೂಡಬೇಕಾಗಿದೆ.

ಆದದ್ದು ಇಷ್ಟು. ಪಂಚಾಯಿತಿ ಮೆಂಬರ್ ಆಗಬೇಕೆಂದು ಅಪ್ಪ ಎಷ್ಟೋ ವರ್ಷದಿಂದ ಒದ್ದಾಡುತ್ತಿದ್ದದ್ದು ನಿನಗೆ ಗೊತ್ತು. ಈ ಸಲ ಗೆಲ್ಲುವುದು ಖಂಡಿತ ಎನ್ನುವಾಗ ನಮ್ಮ ಬೀದಿ ಹೆಂಗಸರಿಗೆ ಮೀಸಲಾಯಿತು. ಅಮ್ಮ ಇದ್ದಿದ್ದರೆ ಅಮ್ಮನನ್ನು ನಿಲ್ಲಿಸುತ್ತಿದ್ದರು. ಇಲ್ಲದ್ದರಿಂದ ನನ್ನನ್ನು ನಿಲ್ಲಿಸಿದರು. ಆಮೇಲೆ ಅಧ್ಯಕ್ಷ ಸ್ಥಾನವೂ ಹೆಂಗಸರಿಗೇ ಬಂತು. ಗೆದ್ದವರಲ್ಲಿ ಬಿ.ಎಡ್. ಮಾಡಿದವಳು ನಾನೊಬ್ಬಳೇ. ನಾನು ರುಜು ಹಾಕಿಕೊಂಡು ಕೂತಿರುತ್ತೇನೆ, ಅಧಿಕಾರ ಅಪ್ಪ ನಡೆಸುತ್ತಾರೆ ಎಂಬ ಧೈರ್ಯದ ಮೇಲೆ ಎಲ್ಲರೂ ಕೈ ಎತ್ತಿಬಿಟ್ಟರು. ಅಪ್ಪನಿಗೂ ಅದೇ ಧೈರ್ಯ. ಮೊದಲ ವಾರ ಮನೆಯಿಂದ ಕುರ್ಚಿ ತರಿಸಿ ನನ್ನ ಪಕ್ಕ ಹಾಕಿಕೊಂಡು, ಬಂದವರಿಗೆಲ್ಲ ಟೀ ಹೇಳುತ್ತ ಕೂತರು. ಎರಡನೆಯ ವಾರ ಆ ಕುರ್ಚಿಯನ್ನು ನಾನು ಮನೆಗೆ ವಾಪಸು ಕಳಿಸಿದೆ. ಅಪ್ಪ ಅದರ ಹಿಂದೆಯೇ ಹೋದರು. ಮೂರು ದಿನ ಮಾತಾಡಲಿಲ್ಲ.

ಕೆಳಗಿನ ಬೀದಿಯಲ್ಲಿ ನಲ್ಲಿ ಇಲ್ಲ ಸೋಮ. ನಾಲೆಯಲ್ಲಿ ನೀರಿದ್ದಾಗ ಅದೇ ಗತಿ, ನಾಲೆ ನಿಂತಾಗ ಮೇಲಿನ ಬೀದಿಗೆ ಬಂದು ನಮ್ಮದೆಲ್ಲ ಆಗುವವರೆಗೆ ದೂರ ನಿಂತಿರಬೇಕು. ಆ ಬೀದಿಯಿಂದ ಗೆದ್ದ ಪಾಪಮ್ಮ ಮೊದಲ ದಿನವೇ ಬಂದು ಮೇಜಿನ ಮುಂದೆ ನಿಂತಳು. "ಕೂತ್ಕೊಳ್ಳಿ" ಎಂದೆ. "ಕೂರಾಕಿಲ್ಲ ಕನವ್ವ. ನಿಂತು ನಿಂತು ಅಭ್ಯಾಸ ಆಗೋಗದೆ. ನೀರು ಬುಡ್ಸಿದ್ ದಿನ ಕೂತ್ಕೋತೀನಿ" ಎಂದಳು. ಬಿಡಿಸುತ್ತೇನೆ ಎಂದು ನಾನು ಮಾತು ಕೊಟ್ಟುಬಿಟ್ಟೆ.

ಈಗ ಮದುವೆಯಾಗಿ ನಿನ್ನ ಮನೆಗೆ ಬಂದುಬಿಟ್ಟರೆ ಅಧಿಕಾರ ಉಪಾಧ್ಯಕ್ಷ ಚಿಕ್ಕಸ್ವಾಮಿಯ ಕೈಗೆ ಹೋಗುತ್ತದೆ. ಅವನ ಪ್ರಕಾರ ಊರಿಗೆ ಬೇಕಾಗಿರುವುದು ಒಂದೇ: ಅವನ ಅಕ್ಕಿ ಗಿರಣಿಯ ಬಾಗಿಲವರೆಗೆ ಸಿಮೆಂಟ್ ರಸ್ತೆ. ಅಧ್ಯಕ್ಷಗಿರಿ ಎರಡೂವರೆ ವರ್ಷ. ಕಾಯುತ್ತೀಯಾ?

ನಿನ್ನ,
ರುದ್ರಾಣಿ


ತಿ. ನರಸೀಪುರ
22-5-2000

ಮಾನ್ಯ ಅಧ್ಯಕ್ಷರಿಗೆ,

ಎರಡೂವರೆ ವರ್ಷವೆಂದರೆ ನನ್ನ ಎಂಟನೇ ಕ್ಲಾಸಿನ ಹುಡುಗರು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವಷ್ಟು ಕಾಲ. ಅವರಲ್ಲಿ ಅರ್ಧ ಜನ ನಡುವೆ ಬಿಟ್ಟು ಹೋಗುತ್ತಾರೆ. ನಾನು ಬಿಡುವುದಿಲ್ಲ. ಲೆಕ್ಕದ ಮೇಷ್ಟ್ರಾದರೂ ದಿನ ಎಣಿಸುವುದಿಲ್ಲ ಎಂದು ನಿರ್ಧಾರ ಮಾಡಿದ್ದೇನೆ. ಎಣಿಸಿದರೆ ತಲೆ ಕೆಡುತ್ತದೆ.

ಅವ್ವನಿಗೆ ವಿಷಯ ಹೇಳಿದೆ. ನಾನು ಒಬ್ಬನೇ ಮಗ, ಅಪ್ಪ ತೀರಿಕೊಂಡು ಎಂಟು ವರ್ಷ, ಮನೆಗೊಬ್ಬಳು ಸೊಸೆ ಬರಲಿ ಎಂದು ಕಾದು ಕೂತವಳು. "ಆ ಹುಡ್ಗೀಗೆ ಮುದ್ದೆ ತಿರುವಾಕೆ ಬತ್ತದಾ ಅಂತ ಕೇಳವ ಅಂತಿದ್ದೆ. ಇನ್ಮೇಲೆ ಕೇಳ್ಬೇಕಾದ್ರೆ ಅರ್ಜಿ ಹಾಕ್ಬೇಕಾ?" ಎಂದಳು. ನಿನ್ನ ಮೇಲೆ ಕೋಪವಿಲ್ಲ. ಆದರೆ ಬೇರೆ ಹುಡುಗಿಯರ ಫೋಟೋಗಳನ್ನು ಬೀರುವಿನಿಂದ ತೆಗೆದು ಒರೆಸಿ ಮತ್ತೆ ಅಲ್ಲೇ ಇಟ್ಟಿದ್ದಾಳೆ. ಯಾಕೆ ಎಂದರೆ ಧೂಳು ಎನ್ನುತ್ತಾಳೆ.

ಮಾತು ಕೊಟ್ಟಿದ್ದೀಯ, ನೀರು ಬಿಡಿಸು. ನಾನೆಲ್ಲಿ ಹೋಗುತ್ತೇನೆ?

ಸೋಮಶೇಖರ್


ತೊರೆಕೊಪ್ಪಲು
17-9-2000

ಪ್ರಿಯ ಸೋಮ,

ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಹೇಳುತ್ತೇನೆ, ನಗಬೇಡ. ಮೆಂಬರುಗಳು ಹನ್ನೊಂದು ಜನ. ಕೆಲಸ ಆಗಬೇಕಾದರೆ ನನ್ನ ಕಡೆ ಆರು ಕೈ ಏಳಬೇಕು. ನಂದು ಒಂದು. ಕೆಳಗಿನ ಬೀದಿಯ ಪಾಪಮ್ಮ, ಮಂಟೇಸ್ವಾಮಿ ಇಬ್ಬರು. ಚನ್ನಯ್ಯನವರು ಸಭೆ ಶುರುವಾದ ಕೂಡಲೇ ನಿದ್ದೆ ಹೋಗುತ್ತಾರೆ, ಪಾಪಮ್ಮ ಮೊಣಕೈಯಲ್ಲಿ ತಿವಿದಾಗ ಕೈ ಎತ್ತುತ್ತಾರೆ. ಅಲ್ಲಿಗೆ ನಾಲ್ಕು. ಉಳಿದ ಇಬ್ಬರು ಪುಟ್ಟಬಸಮ್ಮ ಮತ್ತು ನಾಗಮಲ್ಲಪ್ಪ. ಇವರಿಬ್ಬರು ನನ್ನ ಕಡೆ ಯಾಕಿದ್ದಾರೆ ಎಂದು ನನಗೆ ಮೊದಲು ಅರ್ಥವಾಗಿರಲಿಲ್ಲ.

ಪುಟ್ಟಬಸಮ್ಮನಿಗೆ ಗುರುಮಲ್ಲು ಎಂಬ ಮಗ ಇದ್ದಾನೆ. ಎರಡಾಳಿನ ಗಾತ್ರ, ಮಗುವಿನಂಥ ಮನಸ್ಸು. ದಿನಾ ಬೆಳಿಗ್ಗೆ ಒಂದು ತಂಬಿಗೆ ಎಮ್ಮೆ ಹಾಲು ತಂದು ನಮ್ಮ ಜಗಲಿಯ ಮೇಲಿಟ್ಟು, ಏನೂ ಮಾತಾಡದೆ, ನನ್ನನ್ನೂ ನೋಡದೆ, ನಮ್ಮ ಎತ್ತನ್ನು ನೋಡಿ ಹೋಗುತ್ತಾನೆ. ಒಂದು ದಿನ ಪುಟ್ಟಬಸಮ್ಮ ನನ್ನ ಗಲ್ಲ ಹಿಡಿದು, "ನಿನ್ನ ಬುಟ್ಟು ಎಲ್ಲಿಗವ್ವ ಕಳ್ಸಾರು? ಈ ಊರ್ ಹೆಣ್ಣು ಈ ಊರಲ್ಲೇ ಇರ್ಬೇಕು" ಎಂದರು. ಆಗ ಅರ್ಥವಾಯಿತು.

ನಾಗಮಲ್ಲಪ್ಪನದು ಇನ್ನೊಂದು ಕಥೆ. ಹೆಂಡತಿ ಹೋಗಿ ಮೂರು ವರ್ಷ ಬಿಳಿ ತಲೆಯಲ್ಲೇ ಓಡಾಡುತ್ತಿದ್ದವರು ನಾನು ಅಧ್ಯಕ್ಷೆಯಾದ ತಿಂಗಳಿಗೆ ಕಪ್ಪು ತಲೆಯಲ್ಲಿ ಸಭೆಗೆ ಬಂದರು. ಬಣ್ಣ ಕಿವಿಗೂ ಸ್ವಲ್ಪ ಹತ್ತಿತ್ತು. ಯಾವುದೇ ವಿಷಯ ಬಂದರೂ ಎದ್ದು ನಿಂತು, "ಅಧ್ಯಕ್ಷರು ಹೇಳಿದ ಮೇಲೆ ಇನ್ನೇನದೆ?" ಎನ್ನುತ್ತಾರೆ. ವಿಷಯ ನಾನಿನ್ನೂ ಹೇಳಿಯೇ ಇರುವುದಿಲ್ಲ.

ನಾನು ಇಬ್ಬರಿಗೂ ಹೂಂ ಅನ್ನಲಿಲ್ಲ, ಉಹುಂ ಅನ್ನಲೂ ಇಲ್ಲ. ತಪ್ಪು ಎಂದು ಗೊತ್ತು. ಗುರುಮಲ್ಲು ಬರುವ ಹೊತ್ತಿಗೆ ನಾಚಿಕೆಯಾಗುತ್ತದೆ, ಒಳಗೇ ಇರುತ್ತೇನೆ. ಆದರೆ ಈ ಎರಡು ಕೈ ಕೆಳಗಿಳಿದರೆ ಬೋರ್‌ವೆಲ್ಲೂ ಇಲ್ಲ, ಪೈಪೂ ಇಲ್ಲ. ನನಗೆ ಯಾರಾದರೂ ಇದ್ದಾರೆಂದು ತಿಳಿದ ದಿನವೇ ಇಳಿಯುತ್ತವೆ. ಆದ್ದರಿಂದ ದಯವಿಟ್ಟು ಪಂಚಾಯಿತಿ ವಿಳಾಸಕ್ಕೆ ಬರೆಯಬೇಡ. ಹೋದ ಸಲ ನಿನ್ನ ಕಾಗದವನ್ನು ನಮ್ಮ ಬಿಲ್ ಕಲೆಕ್ಟರ್ "ಖಾಸಗಿ" ಎಂಬ ಫೈಲಿಗೆ ಹಾಕಿ, ಅದಕ್ಕೊಂದು ನಂಬರನ್ನೂ ಕೊಟ್ಟಿದ್ದ.

ನಿನ್ನ,
ರುದ್ರಾಣಿ


ತಿ. ನರಸೀಪುರ
3-10-2000

ರುದ್ರಾಣಿ,

ಎಮ್ಮೆ ಹಾಲು ಗಟ್ಟಿಯಾಗಿದೆಯಾ?

ನಾನೂ ದೊಡ್ಡ ಮನಸ್ಸು ಮಾಡಿ ಓದಿದೆ. ಎರಡನೇ ಸಲ ಓದುವಾಗ ಮನಸ್ಸು ಚಿಕ್ಕದಾಯಿತು. ಮೂರನೇ ಸಲ ಓದಿ ಮುಗಿಸಿ ಕ್ಲಾಸಿಗೆ ಹೋದವನು ಒಂದು ತ್ರಿಭುಜಕ್ಕೆ ನಾಲ್ಕು ಕೋನ ಬರೆದೆ. ಹುಡುಗರು ಕಾಪಿ ಮಾಡಿಕೊಂಡರು.

ನೀನು ಮಾಡುತ್ತಿರುವುದು ಊರಿಗೆ ಒಳ್ಳೆಯದು ಎಂದು ನನಗೂ ಗೊತ್ತು. ಆದರೆ ಆ ನಾಗಮಲ್ಲಪ್ಪ ಕಿವಿಗೆ ಬಣ್ಣ ಹಚ್ಚಿಕೊಂಡು ತಿಂಗಳಿಗೊಂದು ಸಲ ನಿನ್ನನ್ನು ನೋಡಬಹುದು, ನಾನು ಮಾತ್ರ ನೋಡುವ ಹಾಗಿಲ್ಲ ಎಂದರೆ ಯಾವ ನ್ಯಾಯ? ಸಂಕ್ರಾಂತಿ ಕಳೆದ ಮೇಲೆ ಬಂದು ಹೋಗುತ್ತೇನೆ. ಅರ್ಧ ಗಂಟೆ. ಯಾರಾದರೂ ಕೇಳಿದರೆ ಪಲ್ಸ್ ಪೋಲಿಯೊದವನು ಎನ್ನುತ್ತೇನೆ.

ಸೋಮ


ತೊರೆಕೊಪ್ಪಲು
30-1-2001

ಸೋಮ,

ಈ ಶನಿವಾರ ಬರುತ್ತೇನೆಂದು ಬರೆದಿದ್ದೀಯಲ್ಲ, ಖಂಡಿತ ಬರಬೇಡ. ಕ್ರಿಯಾಯೋಜನೆಗೆ ಅಂದೇ ಸಾಮಾನ್ಯ ಸಭೆ. ಹಣ ಕೆಳಗಿನ ಬೀದಿಯ ನೀರಿಗೋ ಚಿಕ್ಕಸ್ವಾಮಿಯ ರಸ್ತೆಗೋ ಅನ್ನುವುದು ಅವತ್ತೇ ತೀರ್ಮಾನವಾಗುತ್ತದೆ. ಚಿಕ್ಕಸ್ವಾಮಿ ಪುಟ್ಟಬಸಮ್ಮನ ಮನೆಗೆ ಎರಡು ಸಲ ಹೋಗಿ ಬಂದಿದ್ದಾನೆ. ಬೇರೆ ಯಾವ ದಿನ ಬೇಕಾದರೂ ಬಾ. ಈ ಕಾಗದವನ್ನು ಹುಲ್ಲಹಳ್ಳಿಗೆ ಹೋಗುವವರ ಕೈಲಿ ಕೊಟ್ಟು ಪೋಸ್ಟ್ ಮಾಡಿಸುತ್ತಿದ್ದೇನೆ.

ರುದ್ರಾಣಿ


ತಿ. ನರಸೀಪುರ
5-2-2001

ಪ್ರೀತಿಯ ತಂಗಿ ಚಿ. ಸೌ. ರುದ್ರಾಣಿಗೆ,

ನಿನ್ನ ಅಣ್ಣ ಮಾಡುವ ಆಶೀರ್ವಾದಗಳು.

ಬರಬೇಡ ಎಂಬ ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು.

ಆ ದಿನ ನಡೆದದ್ದು ನಿನಗೆ ಗೊತ್ತೇ ಇದೆ. ಆದರೂ ಬಾಗಿಲಲ್ಲಿ ನಿಂತವನಿಗೆ ಕಂಡದ್ದು ಕುರ್ಚಿಯಲ್ಲಿ ಕೂತವಳಿಗೆ ಕಂಡಿರಲಾರದು ಎಂದು ಬರೆಯುತ್ತೇನೆ. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ನಂಜನಗೂಡಿನಲ್ಲಿ ಬಸ್ ಇಳಿದು ಒಂದು ಚಿಪ್ಪು ರಸಬಾಳೆ, ಎರಡು ಮೊಳ ಮಲ್ಲಿಗೆ ತೆಗೆದುಕೊಂಡು, ನಿಮ್ಮ ಊರಿನ ಬಸ್ಸಿನಲ್ಲಿ ಹೂವು ನಲುಗದ ಹಾಗೆ ಕೈ ಮೇಲೆತ್ತಿಕೊಂಡು ಬಂದೆ. ಪಂಚಾಯಿತಿ ಕಟ್ಟೆ ಮೇಲೆ ಅಷ್ಟು ಜನ ಯಾಕೆ ಎಂದುಕೊಳ್ಳುವಷ್ಟರಲ್ಲಿ ಒಬ್ಬ ಬಂದು, "ಯಾರ್ ಬೇಕಾಗಿತ್ತು ಸಾ?" ಎಂದ. ಅವನೇ ಚಿಕ್ಕಸ್ವಾಮಿ ಎಂದು ನನಗೆ ಹೇಗೆ ಗೊತ್ತಾಗಬೇಕು? "ನರಸೀಪುರದಿಂದ ಬಂದಿದ್ದೀನಿ, ಅಧ್ಯಕ್ಷರನ್ನ ನೋಡ್ಬೇಕಿತ್ತು" ಎಂದೆ.

"ಏನ್ ಕೆಲ್ಸ?"

"ಸ್ವಂತ ಕೆಲಸ."

ಪೋಲಿಯೊ ಎನ್ನುವುದು ಮರೆತುಹೋಯಿತು ಮಾರಾಯ್ತಿ. ಅವನು ನನ್ನ ಕೈಯ ಮಲ್ಲಿಗೆ ನೋಡಿದ, ನನ್ನ ಮುಖ ನೋಡಿದ. ಮುಖ ಅರಳಿಸಿಕೊಂಡು ನನ್ನ ತೋಳು ಹಿಡಿದು ಸಭೆಯ ಬಾಗಿಲಿಗೆ ಕರೆದುಕೊಂಡು ಬಂದ. "ಅಧ್ಯಕ್ಷರೇ, ನಿಮ್ಮ ಸ್ವಂತ ಕೆಲ್ಸದೋರು ಬಂದವ್ರೆ. ಹೂವ ಬಾಡೋಯ್ತದಂತೆ!"

ಅಷ್ಟು ಹೊತ್ತಿಗೆ ನೀನು ನೀರಿನ ವಿಷಯಕ್ಕೆ ಕೈ ಎತ್ತಿ ಎಂದಿದ್ದೆ. ಪಾಪಮ್ಮನ ಕೈ ಮೇಲಿತ್ತು. ಚನ್ನಯ್ಯನವರದೂ ಇತ್ತು, ಕಣ್ಣು ಮುಚ್ಚಿತ್ತು. ಕಪ್ಪು ತಲೆಯ ಒಬ್ಬರ ಕೈ ಗಲ್ಲದವರೆಗೆ ಬಂದು ನಿಂತಿತು. ಪುಟ್ಟಬಸಮ್ಮನ ಕೈ ಅರ್ಧಕ್ಕೆ ಎದ್ದದ್ದು ಹಾಗೇ ಮಡಿಲಿಗೆ ಬಿತ್ತು.

"ಯಾರವ್ವ ಇವ್ರು ನಿಂಗೆ?" ಎಂದರು.

ನೀನು ನನ್ನನ್ನು ನೋಡಿದೆ. ಎಷ್ಟು ಹೊತ್ತು ನೋಡಿದೆಯೋ ಗೊತ್ತಿಲ್ಲ. ಆಮೇಲೆ ಪಾಪಮ್ಮನ ಕಡೆ ನೋಡಿದೆ. ಅಷ್ಟಾದ ಮೇಲೆ ಹೇಳಿದೆ: "ನಮ್ಮಣ್ಣ."

ಚಿಕ್ಕಸ್ವಾಮಿ ಬಿಡುವ ಆಸಾಮಿಯಾ? ಹೊರಗೆ ಕೂತಿದ್ದ ನಿಮ್ಮಪ್ಪನನ್ನು ಕರೆದ. "ಗಂಗಾಧರಸ್ವಾಮ್ಯೋರೇ, ನರಸೀಪುರದ ಇವ್ರು ನಿಮ್ಮ ಅಣ್ಣನ್ ಮಗನಾ?" ಜೀವಮಾನದಲ್ಲಿ ನನ್ನನ್ನು ನೋಡಿರದ ಆ ಮನುಷ್ಯ ನಿನ್ನ ಮುಖವನ್ನೊಮ್ಮೆ ನೋಡಿದರು. ನೋಡಿ, ನೇರ ನನ್ನ ಹತ್ತಿರ ಬಂದು ಬೆನ್ನಿಗೆ ಒಂದು ಗುದ್ದಿದರು. "ನರಸೀಪುರ ಏನು ಕಾಶೀಲಿ ಅದಾ? ಚಿಕ್ಕಪ್ಪ ಒಬ್ಬ ಬದುಕವ್ನೆ ಅನ್ನೋ ಗ್ಯಾನ ಬ್ಯಾಡ್ವಾ? ನಿಮ್ಮಪ್ಪನ ಮಂಡಿ ನೋವು ಎಂಗದೆ?"

ನನಗೂ ಒಂದು ಅವಕಾಶವಿತ್ತು ರುದ್ರಾಣಿ. ನಾನು ಅಣ್ಣ ಅಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಕೈ ಎತ್ತಿಕೊಂಡೇ ನನ್ನ ಬಾಯಿಯನ್ನು ನೋಡುತ್ತ ನಿಂತಿದ್ದ ಪಾಪಮ್ಮನನ್ನು ಕಂಡು, "ಪರವಾಗಿಲ್ಲ ಚಿಕ್ಕಪ್ಪ, ಎಣ್ಣೆ ಹಚ್ತಾ ಇದ್ದೀವಿ" ಎಂದೆ.

ಪುಟ್ಟಬಸಮ್ಮನ ಕೈ ಮೇಲೆ ಹೋಯಿತು. ಕಪ್ಪು ತಲೆಯವರು ಎರಡೂ ಕೈ ಎತ್ತಿದರು. ಆರಾಯಿತು. ಅಭಿನಂದನೆ.

ಮಲ್ಲಿಗೆ ನೀನು ಮುಡಿದುಕೊಂಡೆ. ಅಣ್ಣ ತಂದದ್ದು ತಾನೆ. ಬಾಳೆಹಣ್ಣು ಸದಸ್ಯರು ತಿಂದರು. ನಿನ್ನ ಜೊತೆ ಅರ್ಧ ಗಂಟೆ ಸಿಗಲಿಲ್ಲ. ನಿಮ್ಮಪ್ಪನ ಜೊತೆ ಮಾತ್ರ ಕೊನೆಯ ಬಸ್ಸಿನವರೆಗೆ ಕೂತು, ಇಲ್ಲದ ಸಂಬಂಧಿಕರ ಯೋಗಕ್ಷೇಮ ಹೇಳಿದೆ.

ಇಂತಿ,
ಅಣ್ಣ


ತೊರೆಕೊಪ್ಪಲು
9-2-2001

ಸೋಮ,

ನಿನ್ನ ಕಾಗದ ಓದಿ ನಕ್ಕೆ. ಆಮೇಲೆ ಹಿತ್ತಿಲಿಗೆ ಹೋಗಿ ಸುಮ್ಮನೆ ನಿಂತಿದ್ದೆ.

ಅಷ್ಟೂ ಜನರ ಎದುರಿಗೆ ನಿನ್ನನ್ನು ನೋಡಿದಾಗ ನನಗೆ ಮೊದಲು ಅನ್ನಿಸಿದ್ದು ಎಷ್ಟು ದಿನ ಆಯ್ತು, ಎಷ್ಟು ಇಳಿದುಹೋಗಿದ್ದಾನೆ ಎಂದು. ಹೇಳಬಾರದೆಂದಿದ್ದರೂ ನಿಜ ಬಾಯಿಗೆ ಬಂದುಬಿಟ್ಟಿತ್ತು. ಪಾಪಮ್ಮ ಏನೂ ಕೇಳಲಿಲ್ಲ. ಎತ್ತಿದ ಕೈ ನೋಯುತ್ತಿತ್ತೆಂದು ಕಾಣುತ್ತದೆ, ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಂಡಳು. ಅಷ್ಟೆ. ಬಾಯಲ್ಲಿದ್ದ ಮಾತು ಬೇರೆಯದಾಗಿ ಹೊರಗೆ ಬಂತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಯಾರದು?" ಎಲ್ಲ ಹೇಳಿದೆ. ಮುದ್ದೆ ಮುರಿಯುತ್ತ, "ಒಳ್ಳೆ ಹುಡ್ಗ. ಬೆನ್ನಿಗೆ ಗುದ್ದಿದ್ರೂ ಹಣ್ಣಿನ ಚೀಲ ಬಿಡ್ಲಿಲ್ಲ" ಎಂದರು. ಇಷ್ಟು ಬೇಗ ಇಷ್ಟು ಚೆನ್ನಾಗಿ ಸುಳ್ಳು ಹೇಳುವುದು ಎಲ್ಲಿ ಕಲಿತಿರಿ ಎಂದೆ. "ಅಧಿಕಾರ ಸಿಕ್ಕಿದ್ರೆ ಬೇಕಾಗ್ತದೆ ಅಂತ ಕಲಿತಿದ್ದೆ, ಸಿಗ್ಲಿಲ್ಲ" ಎಂದರು.

ಬೋರ್ ಕೊರೆಯುವ ಗಾಡಿ ಮುಂದಿನ ತಿಂಗಳು ಬರುತ್ತದೆ. ಇದೊಂದು ಆಗಲಿ. ಏನಾದರೂ ದಾರಿ ಹುಡುಕೋಣ. ನನ್ನನ್ನು ತಂಗಿ ಎಂದು ಮಾತ್ರ ಬರೆಯಬೇಡ.

ರುದ್ರಾಣಿ


ತಿ. ನರಸೀಪುರ
19-3-2001

ರುದ್ರಾಣಿ,

ದಾರಿ ನಾವು ಹುಡುಕುವ ಮುಂಚೆ ನಾಗಮಲ್ಲಪ್ಪ ಹುಡುಕಿಕೊಂಡು ಬಂದರು.

ನೆನ್ನೆ ಭಾನುವಾರ ನಾನು ಕ್ಷೌರಕ್ಕೆ ಹೋಗಿದ್ದೆ. ವಾಪಸು ಬಂದಾಗ ನಡುಮನೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಎರಡು ಕೆಜಿ ದ್ರಾಕ್ಷಿ ಇಟ್ಟುಕೊಂಡು ಅವರು ಕೂತಿದ್ದರು. ಎದುರಿಗೆ ಅವ್ವ ಕಂಬ ಹಿಡಿದುಕೊಂಡು ನಿಂತಿದ್ದಳು.

"ಬನ್ನಿ ಭಾವ" ಎಂದರು ನನಗೆ.

ವಿಷಯ ಏನೆಂದರೆ, ನಿನ್ನ ಅಪ್ಪ ಎಷ್ಟು ಕೇಳಿದರೂ ಜಾರಿಕೊಳ್ಳುತ್ತಾರಂತೆ. ಆದ್ದರಿಂದ ಹಿರಿಯ ಅಣ್ಣನಾದ ನಾನೇ ಮುಂದೆ ನಿಂತು ಅವರಿಗೂ ನಿನಗೂ ಮದುವೆ ಮಾಡಿಸಬೇಕಂತೆ. ಅವ್ವ ಆಗಲೇ ಅರ್ಧ ಗಂಟೆ "ನಂಗೆ ಮಗಳೆಲ್ಲವ್ಳೆ? ಇರೋದು ಒಬ್ಬ ಮಗ" ಎಂದು ಹೇಳಿ ಹೇಳಿ ಸುಸ್ತಾಗಿದ್ದಳು. ನಾಗಮಲ್ಲಪ್ಪ ಅದನ್ನು ಬಿಗುಮಾನ ಎಂದುಕೊಂಡಿದ್ದರು.

ಆಮೇಲೆ ಅವರ ಕಣ್ಣು ಗೋಡೆಯ ಮೇಲೆ ಹಾರ ಹಾಕಿದ್ದ ಅಪ್ಪನ ಫೋಟೋ ಮೇಲೆ ಬಿತ್ತು. ಎದ್ದು ನಿಂತುಬಿಟ್ಟರು. "ಅಯ್ಯೋ, ಹೋಗೇಬುಟ್ರಾ? ಏನಾಗಿತ್ತು?"

ನನಗೇನು ತೋಚಬೇಕು? "ಮಂಡಿ ನೋವು" ಎಂದೆ.

ಅವರು ಅತ್ತರು ರುದ್ರಾಣಿ. ನಿಜವಾಗಲೂ ಅತ್ತರು. ದುಃಖದ ಮನೆಯಲ್ಲಿ ಮದುವೆ ಮಾತು ಆಡಿದೆ, ತಪ್ಪಾಯಿತು ಎಂದು ಕೈ ಮುಗಿದರು. ನಾನು, "ತಂಗಿಯ ಅಧಿಕಾರ ಮುಗಿಯೋವರೆಗೆ ಮದುವೆ ವಿಷಯ ಎತ್ತೋದು ಬೇಡ" ಎಂದೆ. ಅದೇ ಮಾತನ್ನು ನನಗೆ ಬೇರೆ ಯಾರೋ ಹೇಳಿದ್ದರು. ದ್ರಾಕ್ಷಿ ಬಿಟ್ಟು ಹೋದರು.

ಅವರು ಹೋದ ಮೇಲೆ ಅವ್ವನಿಗೆ ಎಲ್ಲವನ್ನೂ ಹೇಳಬೇಕಾಯಿತು. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಹತ್ತು ಜನದ ಮುಂದೆ ಅಣ್ಣ ಅಂತ ಬಾಯಲ್ಲಿ ಬಂದದೆ. ಆ ಬಾಯಲ್ಲೇ ಅದ ವಾಪಸ್ ತಕ್ಕೊಂಡ್ರೆ ನಾನು ಸೊಸೆ ಅಂತ ಕರೀತೀನಿ. ಇಲ್ದಿದ್ರೆ ಇಲ್ಲ" ಎಂದಳು.

ನಾನು ಅವಳ ಮಾತನ್ನೇ ಹೇಳುತ್ತಿದ್ದೇನೆ. ಮುಂದಿನ ಸಭೆಯಲ್ಲಿ ಎದ್ದು ನಿಂತು ಒಂದು ವಾಕ್ಯ ಹೇಳು. ಅವನು ನಮ್ಮಣ್ಣ ಅಲ್ಲ, ನಾನು ಮದುವೆಯಾಗುವವನು. ಬೋರ್ ಕೊರೆದದ್ದಾಯಿತಲ್ಲ, ನೀರೂ ಬಿದ್ದಿದೆ ಎಂದು ಪೇಪರಿನಲ್ಲಿ ಓದಿದೆ. ಇನ್ನು ಭಯವೇನು?

ಸೋಮ


ತೊರೆಕೊಪ್ಪಲು
22-4-2001

ಸೋಮ,

ಮೊದಲು ನಗುವ ವಿಷಯ ಹೇಳಿಬಿಡುತ್ತೇನೆ. ನಾಗಮಲ್ಲಪ್ಪ ಊರಿಗೆ ಬಂದು ಸುದ್ದಿ ಮುಟ್ಟಿಸಿದ ದಿನ ಸಂಜೆಯೇ ಅರ್ಧ ಊರು ನಮ್ಮ ಮನೆಗೆ ಬಂತು. "ಅಣ್ಣ ಹೋಗ್ಬುಟ್ರಂತೆ, ಒಂದ್ ಮಾತು ಹೇಳ್ನಿಲ್ವಲ್ಲ" ಎಂದು ಅಪ್ಪನನ್ನು ತಬ್ಬಿಕೊಂಡು ಅತ್ತರು. ಅಪ್ಪನೂ ಅತ್ತರು. ಸಾವಿನ ಮನೆ ಎಂದು ಈ ಸಲ ನಮಗೆ ಯುಗಾದಿ ಇಲ್ಲ, ಹೊಸ ಬಟ್ಟೆ ಇಲ್ಲ, ಒಬ್ಬಟ್ಟು ಇಲ್ಲ. ಹಬ್ಬದ ದಿನ ಬೀದಿಯಲ್ಲೆಲ್ಲ ಹೂರಣ ಬೇಯುವ ವಾಸನೆ. ಅಪ್ಪ ಮಜ್ಜಿಗೆ ಅನ್ನ ಕಲಸಿಕೊಂಡು, "ಇಲ್ದೆ ಇರೋ ಅಣ್ಣ ಇಷ್ಟು ಕಾಟ ಕೊಡ್ತಾನೆ, ಇದ್ದಿದ್ರೆ ಏನ್ ಗತಿ" ಎಂದರು.

ನಿನ್ನ ಮಾತಿಗೆ ಬರುತ್ತೇನೆ. ಸಭೆ ಮೊನ್ನೆ ನಡೆಯಿತು. ಹೇಳಬೇಕೆಂದೇ ಹೋಗಿದ್ದೆ. ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡೂ ಇದ್ದೆ. ಬೋರ್‌ನಲ್ಲಿ ನೀರು ಬಿದ್ದಿರುವುದು ನಿಜ, ಆದರೆ ಟ್ಯಾಂಕು ಎದ್ದಿಲ್ಲ, ಪೈಪು ಇನ್ನೂ ನಂಜನಗೂಡಿನಲ್ಲಿದೆ. ಅದೆಲ್ಲದಕ್ಕೂ ಸಭೆ ಒಪ್ಪಬೇಕಾಗಿತ್ತು. ಬೋರಿನಿಂದ ಪೈಪನ್ನು ಗಿರಣಿಯ ಕಡೆಗೆ ಎಳೆಯಬೇಕೆಂದು ಚಿಕ್ಕಸ್ವಾಮಿ ಅರ್ಜಿ ಬರೆದುಕೊಂಡು ಬಂದಿದ್ದ. ನಾನು ಎದ್ದು ನಿಂತೆ. ನಾಗಮಲ್ಲಪ್ಪ ದುಃಖದ ಮುಖ ಮಾಡಿಕೊಂಡು ನನ್ನನ್ನು ನೋಡಿದರು. ಪುಟ್ಟಬಸಮ್ಮ, "ಅಣ್ಣನ್ ಮನೇಲಿ ಹಿಂಗಾದ್ರೂ ಸಭೆ ನಿಲ್ಲುಸ್ನಿಲ್ಲ, ನಮ್ ಹೆಣ್ಣು" ಎಂದು ಪಕ್ಕದವರಿಗೆ ಹೇಳಿದ್ದು ಕೇಳಿಸಿತು.

ನಾನು ಕೆಳಗಿನ ಬೀದಿಯ ಟ್ಯಾಂಕು, ಪೈಪಿನ ವಿಷಯ ಓದಿದೆ, ಕೈ ಎತ್ತಿ ಎಂದೆ. ಆರೂ ಕೈ ಎದ್ದವು.

ಹೋದ ಸಲ ಆಡಿದ್ದು ಗಾಬರಿಯಲ್ಲಿ ಬಂದ ಮಾತು ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಈ ಸಲ ಹಾಗಲ್ಲ. ನಿನ್ನನ್ನು ನೆನೆದುಕೊಂಡೇ, ಗೊತ್ತಿದ್ದೇ ಸುಮ್ಮನಿದ್ದೆ. ಅಧಿಕಾರ ಮುಗಿದ ಮೇಲೆ ಹೇಳೋಣವೆಂದರೆ ನಿಮ್ಮವ್ವ ಕೇಳಿದ್ದು ಅದಲ್ಲ, ಅವರದು ತಪ್ಪೂ ಅಲ್ಲ. ಮುಂದಿನ ಸಭೆಯಲ್ಲೂ ಇನ್ನೇನೋ ಇರುತ್ತದೆ. ನಾನು ಹೇಳುವುದಿಲ್ಲ ಸೋಮ. ಆ ಬೀರುವಿನ ಫೋಟೋಗಳನ್ನು ನೋಡು. ನಿನ್ನನ್ನು ಇನ್ನೂ ಕಾಯಿಸಿದರೆ ಗುರುಮಲ್ಲುವಿಗೆ ಮಾಡಿದ್ದನ್ನೇ ನಿನಗೂ ಮಾಡಿದ ಹಾಗಾಗುತ್ತದೆ. ಅವನಿಗಾದರೂ ಎಮ್ಮೆ ಇದೆ.

ರುದ್ರಾಣಿ


ತಿ. ನರಸೀಪುರ
26-11-2001

ರುದ್ರಾಣಿ,

ಏಳು ತಿಂಗಳು ಬರೆಯಲಿಲ್ಲ. ಮೊದಲ ಮೂರು ತಿಂಗಳು ಕೋಪ, ಆಮೇಲೆ ಏನು ಬರೆಯುವುದೆಂದು ತಿಳಿಯಲಿಲ್ಲ.

ಹೆಮ್ಮಿಗೆಯ ಹುಡುಗಿ ಗೊತ್ತಾಗಿದ್ದಾಳೆ. ಹೆಸರು ಅರ್ಪಿತ. ಶಿಶುವಿಹಾರದಲ್ಲಿ ಪಾಠ ಹೇಳುತ್ತಾಳೆ. ಹೆಣ್ಣು ನೋಡಲು ಹೋದ ದಿನವೇ ಹೊರಗೆ ಕರೆದು ನಿನ್ನ ವಿಷಯ ಪೂರ್ತಿ ಹೇಳಿದೆ. ಮಂಡಿ ನೋವಿನವರೆಗೂ. ಮಂಡಿ ನೋವಿಗೆ ಜೋರಾಗಿ ನಕ್ಕಳು, ಒಳಗಿದ್ದವರು ಒಪ್ಪಿಗೆಯಾಯಿತು ಎಂದುಕೊಂಡು ಸಕ್ಕರೆ ಹಂಚಿಬಿಟ್ಟರು. ಆಮೇಲೆ ಅವಳು, "ನೀರು ಬಂತಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಅದನ್ನಾದ್ರೂ ಕೇಳೋದಲ್ವಾ" ಎಂದಳು. ಕೇಳುತ್ತಿದ್ದೇನೆ. ಬಂತಾ?

ಮದುವೆ ಫೆಬ್ರವರಿಯಲ್ಲಿ, ಇಲ್ಲೇ ಛತ್ರದಲ್ಲಿ. ಇನ್ನೊಂದು ವಿಷಯ. ಗಂಡಿನ ಕಡೆ ಕಳಸ ಹಿಡಿಯಲು ಅಕ್ಕನೋ ತಂಗಿಯೋ ಬೇಕು, ನನಗೆ ಯಾರೂ ಇಲ್ಲ. ಅವ್ವ ತಾನಾಗಿಯೇ, "ತಂಗಿ ಇಲ್ಲ ಅಂದ್ರೆ ತೊರೆಕೊಪ್ಪಲೋರು ನನ್ನ ಮನೆ ಬಾಗ್ಲು ಮುರೀತಾರೆ. ಅವಳ್ನೇ ಕರಿ" ಎಂದಳು. ಬೇಸರದಲ್ಲಿ ಹೇಳಿದಳೋ ಪ್ರೀತಿಯಲ್ಲಿ ಹೇಳಿದಳೋ ನನಗೆ ಗೊತ್ತಾಗಲಿಲ್ಲ. ನೀನು ಬರುವುದಿಲ್ಲ ಎಂದರೂ ನನಗೆ ಅರ್ಥವಾಗುತ್ತದೆ.

ಸೋಮಶೇಖರ್


ತೊರೆಕೊಪ್ಪಲು
2-12-2001

ಸೋಮ,

ಬಂತು. ಹೋದ ಸೋಮವಾರ. ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ಒಳ್ಳೆಯದು. ಮಂಟೇಸ್ವಾಮಿ ಷರಟು ಹಾಕಿಕೊಂಡೇ ಅದರ ಕೆಳಗೆ ತಲೆ ಒಡ್ಡಿದರು. ಪಾಪಮ್ಮ ಬಿಂದಿಗೆ ತುಂಬಿಸಿ ಮನೆಯೊಳಗಿಟ್ಟು, ಸೀದಾ ಪಂಚಾಯಿತಿ ಆಫೀಸಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತಳು. ಟೀ ತರಿಸಿದೆ. ಸಾಯಂಕಾಲದವರೆಗೆ ಏಳಲಿಲ್ಲ.

ಮದುವೆಗೆ ಬರುತ್ತೇನೆ. ಕಳಸ ಹಿಡಿಯುತ್ತೇನೆ.

ರುದ್ರಾಣಿ


ತೊರೆಕೊಪ್ಪಲು
19-2-2002

ಪ್ರಿಯ ಸೋಮ,

ನಾನೊಬ್ಬಳೇ ಬಸ್ಸಿನಲ್ಲಿ ಬರುತ್ತೇನೆಂದು ನಿನಗೆ ಹೇಳಿದ್ದೆ. ಊರಿನವರು ಕೇಳಬೇಕಲ್ಲ. ಅಧ್ಯಕ್ಷರ ಅಣ್ಣನ ಮದುವೆ ಎಂದು ಎರಡು ಟ್ರ್ಯಾಕ್ಟರ್ ತುಂಬ ಬಂದುಬಿಟ್ಟರು. ನಿಮ್ಮ ಬೀಗರು ಗಾಬರಿಯಾಗಿ ಮತ್ತೆ ಅನ್ನಕ್ಕೆ ಇಟ್ಟದ್ದು ನೋಡಿದೆ, ಕ್ಷಮೆ ಕೇಳಿದೆನೆಂದು ಹೇಳು. ಗುರುಮಲ್ಲು ತಿಂದದ್ದಕ್ಕೆ ಬೇರೆಯಾಗಿ ಕೇಳಬೇಕು.

ನೀನು ಧಾರೆಯಲ್ಲಿ ತಲೆ ಬಗ್ಗಿಸಿಕೊಂಡು ಕೂತಿದ್ದೆ, ನಿನಗೆ ಕಾಣದ್ದು ಬಹಳ ಇದೆ. ಅಪ್ಪ ಗಂಡಿನ ಚಿಕ್ಕಪ್ಪನಾಗಿ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಗಂಧ ಹಚ್ಚಿ, ನಿಮ್ಮಪ್ಪ ಹೇಗೆ ಕೊನೆಯವರೆಗೂ ಈ ಮದುವೆ ನೋಡಬೇಕೆಂದಿದ್ದರು ಎಂದು ವಿವರಿಸುತ್ತಿದ್ದರು. ನಿಮ್ಮವ್ವ ಸ್ವಲ್ಪ ಹೊತ್ತು ಕೇಳಿಸಿಕೊಂಡು ತಾವೂ ಕಣ್ಣೊರೆಸಿಕೊಂಡರು. ನಾಗಮಲ್ಲಪ್ಪ ಹೆಮ್ಮಿಗೆಯ ಕಡೆಯ ಒಬ್ಬ ವಿಧವೆಯ ಪಕ್ಕದ ಎಲೆಗೆ ಕೂತು ಎರಡು ಸಲ ಪಾಯಸ ಹಾಕಿಸಿದರು. ಇನ್ನು ನನ್ನ ಕಡೆ ಬರಲಾರರು.

ಕಳಸ ಹಿಡಿದು ನಿಂತಾಗ ನನಗೇನೂ ಆಗಲಿಲ್ಲ. ಸಭೆಯಲ್ಲಿ ನಿಲ್ಲುವ ಹಾಗೆ ನಿಂತಿದ್ದೆ. ಅರ್ಪಿತ ನನ್ನ ಕಾಲಿಗೆ ಬಗ್ಗಿದಾಗ ಎತ್ತಿ ತಬ್ಬಿಕೊಂಡೆ. ಅವಳು ಕಿವಿಯಲ್ಲಿ, "ಅಕ್ಕ, ನೀರು ಬಂತಂತೆ" ಎಂದಳು. ಬಂತು ಎಂದೆ. ಒಳ್ಳೆಯವಳು, ಸೋಮ. ಚೆನ್ನಾಗಿ ನೋಡಿಕೋ.

ವಾಪಸು ಬರುವಾಗ ಪುಟ್ಟಬಸಮ್ಮ ಟ್ರ್ಯಾಕ್ಟರಿನಲ್ಲಿ ನನ್ನ ಪಕ್ಕ ಕೂತರು. ಬಿಸಿಲು ಇಳಿದಿತ್ತು, ಎಲ್ಲರೂ ಉಂಡು ತೂಕಡಿಸುತ್ತಿದ್ದರು. ಚನ್ನಯ್ಯನವರಂತೂ ಹೋಗುವಾಗಲೇ ಮಲಗಿದ್ದರು. ಬಹಳ ದೂರ ಬಂದ ಮೇಲೆ ಪುಟ್ಟಬಸಮ್ಮ ನನ್ನ ಕಡೆ ತಿರುಗದೆ, ಗದ್ದೆ ನೋಡುತ್ತ ಹೇಳಿದರು:

"ಅವತ್ತು ನೀನು ಬ್ಯಾರೆ ಏನಾರ ಅಂದಿದ್ರೆ ನಾನು ಕೈ ಎತ್ತುತಿರ್ನಿಲ್ಲ ಕನವ್ವ."

ನಾನು ಅವರ ಕಡೆ ತಿರುಗಿದೆ.

"ಅಂಥೋಳೇ ನಾನು ಆಗ. ನನ್ ಮಗನ್ ಯೋಚ್ನೆ ನಂಗೆ. ಅದು ನಿಂಗೆ ಗೊತ್ತಿತ್ತು." ಆಮೇಲೆ, "ಅಣ್ಣನ್ ಮದ್ವೇಲಿ ತಂಗೀರು ಅಳೋದು ಲೋಕದಲ್ಲಿ ಇರೋದೇಯ. ಅತ್ಕೊಂಬುಡು. ಯಾರೂ ಏನೂ ಅನ್ಕೊಳಾಕಿಲ್ಲ" ಎಂದರು.

ಅತ್ತೆ ಸೋಮ. ನಂಜನಗೂಡು ದಾಟಿ ಹುಲ್ಲಹಳ್ಳಿ ಬರುವವರೆಗೂ ಅತ್ತೆ. ಮಡ್ಗಾರ್ಡಿನ ಮೇಲೆ ಕೂತಿದ್ದ ನಾಗಮಲ್ಲಪ್ಪ ತೂಕಡಿಕೆಯಿಂದ ಎದ್ದವರಿಗೆಲ್ಲ, "ಅಣ್ಣ ಅಂದ್ರೆ ಪ್ರಾಣ ಅವ್ರಿಗೆ" ಎಂದು ಹೇಳುತ್ತಿದ್ದರು. ಗುರುಮಲ್ಲು ತನ್ನ ಟವೆಲ್ ಕೊಟ್ಟ. ಈ ಸಲ ನನ್ನ ಮುಖ ನೋಡಿಯೇ ಕೊಟ್ಟ.

ನಾಳೆ ಬೆಳಿಗ್ಗೆ ಮೇಲಿನ ಬೀದಿಯವರು ಆಫೀಸಿಗೆ ಬರುತ್ತಾರಂತೆ. ಕೆಳಗಿನ ಬೀದಿಯ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆ, ನಮ್ಮದರಲ್ಲಿ ಸಣ್ಣಗೆ ಬರುತ್ತದೆ ಎಂದು ದೂರು. ಅವರ ಮುಂದಾಳು ಅಪ್ಪ.

ರುದ್ರಾಣಿ